ತತ್ತಿ ಲೆಕ್ಕ

ನೂರು ಪುಟದ ನೋಟಬುಕ್ಕು, ರಟ್ಟಿನ ಮೇಲೆ ನನ್ನ ಹೆಸರು,
ಏಳನೇ ಇಯತ್ತೆ, ‘ಬ’ ತುಕಡಿ.
ಗಣಿತ ಹತ್ತು ಪುಟಕ್ಕೇ ನಿಂತಿದೆ.
ಉಳಿದದ್ದೆಲ್ಲ ಫಕ್ಕೀರಪ್ಪ ಮಾಮಾನ ಪಾರಿವಾಳಕ್ಕೆ.

ಅವನಿಗೆ ಬರೆಯಲು ಬಾರದು. ಸೀರೆಯ ದಡಿಯಲ್ಲಿ
ತಪ್ಪಿದ ಎಳೆಯನ್ನು ಬೆರಳಲ್ಲೇ ಹಿಡಿಯುವವನು
ತತ್ತಿಯ ತಾರೀಖು ಮಾತ್ರ ಮರೆಯುತ್ತಿದ್ದ.
ಬೆಟಗೇರಿಯ ಮಾಳಿಗೆಯ ಮೇಲೆ, ಎಣ್ಣೆ ಡಬ್ಬಿಯ ತಗಡು ಬಡಿದ ಗೂಡಿನ ಮುಂದೆ
ಅವನು ಹೇಳುವನು, ನಾನು ಬರೆಯುವೆನು:
ಕರಿಬಾಲದ ಹೆಣ್ಣು. ಎರಡು ತತ್ತಿ.
ಹದಿನೆಂಟನೇ ದಿನ ಎರಡೂ ಒಡೆದವು.
ಗಂಡು ಯಾವುದು?
“ಅದರ ಅಣ್ಣನ.”

ಹುಬ್ಬಳ್ಳಿಯಿಂದ ಬುಟ್ಟಿಯಲ್ಲಿ ಬಂದ ಒಂದೇ ಜೋಡಿ ಎಲ್ಲಕ್ಕೂ ಮೂಲ.
ಮೈ ಬೆಳ್ಳಗೆ, ಬಾಲಕ್ಕೆ ಮಾತ್ರ ಕಾಡಿಗೆ ಬಳಿದಂತೆ.
ಮುಂಜಾನೆ ಬಿಟ್ಟರೆ ಕಪ್ಪತಗುಡ್ಡದ ದಿಕ್ಕಿಗೆ ಚುಕ್ಕಿಯಾಗಿ
ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಇಳಿಯುತ್ತಿದ್ದವು.
ಆ ಬಾಲ ಕೆಡಬಾರದು, ಆ ಆರು ತಾಸು ಕೆಡಬಾರದು.
ತಂಗಿಗೆ ಅಣ್ಣ, ಮಗಳಿಗೆ ಅಪ್ಪ, ಮೊಮ್ಮಗಳಿಗೆ ಮತ್ತೆ ಅವನೇ.
“ಒಂದ ತೊಟ್ಟಿಯಾಗ ಅದ್ದಿದ ನೂಲು,” ಅನ್ನುತ್ತಿದ್ದ,
“ಹೊರಗಿನ ಎಳಿ ಸೇರಿಸಿದ್ರ ಪಟ್ಟಿ ಬೀಳ್ತೈತಿ.”

ಮೊದಲ ವರ್ಷ ಏನೂ ಇಲ್ಲ. ಎರಡನೆಯದೂ.
ಎಳೆ ಹಕ್ಕಿಯ ಮೈ ಯಾರ ಸಾಲವನ್ನೂ ತೋರಿಸುವುದಿಲ್ಲ.
ಅದೇ ಕೊರಳ ಮಿಂಚು, ಅದೇ ಗುಟುರು,
ಓಣಿಯ ಹುಡುಗರು ಅದೇ ರೀತಿ ಬಾಯಿ ತೆರೆದು ನಿಲ್ಲುವುದು.

ಐದನೇ ವರ್ಷ.
ಒಂದು ತತ್ತಿ, ತೊಗಟೆ ಮೆತ್ತಗೆ.
ಒಂದು ತತ್ತಿ, ಒಡೆಯಲಿಲ್ಲ.
ಒಡೆಯಲಿಲ್ಲ.
ಮರಿ ಬಂತು, ನಾಲ್ಕನೇ ದಿನ ತಾಯಿಯೇ ಹೊರಗೆ ನೂಕಿತು.
ತತ್ತಿ ಇಲ್ಲ. ತತ್ತಿ ಇಲ್ಲ.
ಪಕ್ಕದ ಮಾಳಿಗೆಯ ಮೌಲಾಲಿಯ ಬೆರಕೆ ಹೆಣ್ಣು
ಎಂಟು ತುಂಬಿದ ಮೇಲೂ ಮರಿಗೆ ಗಂಟಲ ಹಾಲು ಕಕ್ಕುತ್ತಿತ್ತು;
ನಮ್ಮದು ಐದಕ್ಕೇ ಮುದುಕಿ, ಗೂಡಿನ ಬಾಗಿಲಲ್ಲಿ
ಬಿಸಿಲಿಗೆ ರೆಕ್ಕೆ ಹರವಿ, ಕಣ್ಣ ಸುತ್ತ ಬೂದಿ.
ಗಂಡು ಗುಟುರು ಹಾಕುತ್ತ ಮೂರು ಸುತ್ತು ತಿರುಗಿ
ನಾಲ್ಕನೆಯದರಲ್ಲಿ ಯಾಕೆ ಬಂದೆನೆಂದು ಮರೆಯುತ್ತಿತ್ತು.

ರಾತ್ರಿ ಮಾಮಾ ತತ್ತಿಯನ್ನು ಬಲ್ಬಿಗೆ ಹಿಡಿಯುವನು.
ಜೀವವಿದ್ದರೆ ಕೆಂಪು ಎಳೆ ಕವಲೊಡೆದು ಕಾಣಬೇಕು.
“ಏನ್ ಕಾಣತೈತಿ?”
“ಬೆಳಕು, ಮಾಮಾ.”
“ಬೆಳಕ ಅಷ್ಟ?”
ಅಷ್ಟೇ.

ಆ ಚಳಿಗಾಲ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು.
ನಾನು ಮಾಮಾನ ಮಗ ಗಂಗಾಧರನಿಗೆ, ತೊಟ್ಟಿಲಲ್ಲೇ ಆಡಿದ ಮಾತು.
ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು,
ಅಜ್ಜಿಯನ್ನು ಅತ್ತೆಯ ಮಗನಿಗೆ.
ನನಗಿಂತ ಮೊದಲು ಬಂದ ಮೂವರ ಹೆಸರು
ಯಾವ ನೋಟಬುಕ್ಕಿನಲ್ಲೂ ಇಲ್ಲ.
“ಬಂಗಾರ ಮನ್ಯಾಗ ಉಳೀತೈತಿ,” ಅಂದ ದೊಡ್ಡಪ್ಪ.

ಮಾಮಾ ಎದ್ದು ಹೋಗಿ ನೋಟಬುಕ್ಕು ತಂದ.
“ಓದವಾ. ಐದನೇ ವರ್ಷದ್ದು.”
ಓದಿದೆ. ಒಡೆಯಲಿಲ್ಲ. ಒಡೆಯಲಿಲ್ಲ. ತತ್ತಿ ಇಲ್ಲ.
ಯಾರೂ ಏನೂ ಅನ್ನಲಿಲ್ಲ.
ದೊಡ್ಡಪ್ಪ, ಚಾ ಆತೇನು ಅಂತ ಕೇಳಿದ.
ಬಾಗಿಲ ಹಿಂದೆ ನಿಂತಿದ್ದ ಅವ್ವ ಅಲ್ಲೇ ಕೂತಳು.

ಮರುವಾರ ಗೂಡ್ಸ್ ಶೆಡ್ಡಿನಿಂದ ಅವನು ಅಂಗಿಯೊಳಗೆ ತಂದದ್ದು
ಒಂದು ಬೂದು ಗಂಡು. ಕಾಲಿಗೆ ಒಂದು ಬೆರಳಿಲ್ಲ, ಮೈತುಂಬ ಹತ್ತಿಯ ಧೂಳು.
ಕರಿಬಾಲದ ಕಡೆಯ ಮಗಳ ಗೂಡಿಗೆ ಅದನ್ನು ಬಿಟ್ಟು
ಇಡೀ ದಿನ ಬೆನ್ನು ತಿರುಗಿಸಿ ಕೂತ.
ಮರಿ ಎರಡು. ಬಾಲ ಮಾಸಲು, ಎದೆಗೆ ಕಲೆ.
ಎರಡು ತಾಸಿಗೇ ಇಳಿದುಬಿಡುತ್ತವೆ,
ಅದೂ ಒಮ್ಮೊಮ್ಮೆ ಮೌಲಾಲಿಯ ಮಾಳಿಗೆಗೆ.
ಮಾಮಾ ಬೈಯುತ್ತಾನೆ, ಓಣಿಗೆಲ್ಲ ಕೇಳುವಂತೆ,
ಅಂಗೈಯಲ್ಲಿ ಜೋಳ ಹಿಡಿದು ಕರೆಯುತ್ತ.

ಹಳೆಯ ಹೆಣ್ಣು ಇನ್ನೂ ಕಾವಿಗೆ ಕೂರುತ್ತದೆ,
ಬರೀ ಹುಲ್ಲಿನ ಮೇಲೆ, ಹದಿನೆಂಟು ದಿನ.
ಇದನ್ನು ಯಾವ ಕಾಲಮಿನಲ್ಲಿ ಬರೆಯಲಿ ಅಂತ ಕೇಳಿದೆ.
“ಬರೀಬ್ಯಾಡ,” ಅಂದ. “ನೀರ ಇಡು.”